ಬೆಳಕು ಬಿದ್ದರೆ ದೀಪ ಹೊತ್ತಲು ಕಷ್ಟ!

ಪ್ರಶ್ನೆ: ಒಂದು ನಿಯಾನ್ ದೀಪದ ಬೆಳಕು ಇನ್ನೊಂದರ ಮೇಲೆ ಬಿದ್ದರೆ ಅದರ ಕರೆಂಟು ಬದಲಾಗುತ್ತಂತೆ, ನಿಜವೇ ಸರ್?

ಉತ್ತರ: ನಿಜ. ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದ ಪೆನಿಂಗ್ 1928ರಲ್ಲೇ ಇದನ್ನು ತೋರಿಸಿದರು. ನಿಯಾನ್‌ಗೆ ಚೂರು ಆರ್ಗಾನ್ ಬೆರೆಸಿದ ಕೊಳವೆ ಕಡಿಮೆ ವೋಲ್ಟೇಜಿನಲ್ಲೇ ಹೊತ್ತಿಕೊಳ್ಳುತ್ತದೆ. ಯಾಕೆಂದರೆ ಕರೆಂಟಿನಿಂದ ಶಕ್ತಿ ಪಡೆದ ಕೆಲವು ನಿಯಾನ್ ಪರಮಾಣುಗಳು ಅದನ್ನು ಬೇಗ ಬಿಟ್ಟುಕೊಡದೆ ಹಿಡಿದಿಟ್ಟುಕೊಂಡು, ಆರ್ಗಾನ್‌ಗೆ ಡಿಕ್ಕಿ ಹೊಡೆದಾಗ ಅದರ ಎಲೆಕ್ಟ್ರಾನನ್ನು ಕಿತ್ತುಹಾಕುತ್ತವೆ; ಹೀಗೆ ಬಿಡುಗಡೆಯಾದ ಎಲೆಕ್ಟ್ರಾನುಗಳು ಕರೆಂಟು ಹರಿಯಲು ನೆರವಾಗುತ್ತವೆ. ಹೊರಗಿನಿಂದ ನಿಯಾನ್ ಬೆಳಕು ಬಿದ್ದರೆ ಶಕ್ತಿ ಹಿಡಿದಿಟ್ಟುಕೊಂಡ ಆ ನಿಯಾನ್ ಪರಮಾಣುಗಳು ಇನ್ನೂ ಮೇಲಿನ ಶಕ್ತಿಯ ಮಟ್ಟಕ್ಕೆ ಹೋಗುತ್ತವೆ, ಅಲ್ಲಿಂದ ಎಷ್ಟೋ ಪರಮಾಣುಗಳು ಥಟ್ಟನೆ ಕೆಳಗಿಳಿದು ಶಕ್ತಿ ಕಳೆದುಕೊಳ್ಳುತ್ತವೆ. ಎಲೆಕ್ಟ್ರಾನ್ ಕಡಿಮೆಯಾಯಿತು, ಜಾಸ್ತಿ ವೋಲ್ಟೇಜ್ ಬೇಕಾಯಿತು. ಎಂಥ ಸೊಗಸು ಅಲ್ವಾ! ಲೇಸರ್ ಬಂದ ಮೇಲೆ ಇದರ ಬೆಲೆ ಇನ್ನೂ ಹೆಚ್ಚಿತು. ಲೇಸರಿನ ಬಣ್ಣ ಪರಮಾಣು ಹೀರಿಕೊಳ್ಳುವ ಬಣ್ಣಕ್ಕೆ ಸರಿಹೊಂದಿದೆಯೇ ಎಂದು ತಿಳಿಯಲು ಕೊಳವೆಯ ಕರೆಂಟ್ ಅಳೆದರೆ ಸಾಕು, ಬೇರೆ ಬೆಳಕಿನ ಮಾಪಕ ಬೇಡ.