ಉಡುಪಿಯವನು ನಾನು. ಮಾಸ್ಟೋಡಾನ್ ಅನ್ನೋ ಸೋಷಿಯಲ್ ಮೀಡಿಯಾಗೆ ಹೋದರೆ ಹಳೇ ಪೋಸ್ಟ್, ಫಾಲೋವರ್ಸ್ ಎಲ್ಲ ಹೋಗ್ತಾ?

ಹೌದು, ಮೊದಲ ಸಲ ಸೊನ್ನೆಯಿಂದಲೇ ಶುರು. ನನ್ನ ಹಳೇ ಆ್ಯಪ್‌ನಲ್ಲಿ ಮಲ್ಪೆ ಬಂದರಿನ ಫೋಟೋ ಹಾಕಿದರೆ ಫಾಲೋ ಮಾಡಿದವರಿಗೇ ಕಾಣುತ್ತಿರಲಿಲ್ಲ. ದುಡ್ಡು ಕೊಟ್ಟು ಬೂಸ್ಟ್ ಮಾಡಿ ಅಂತಿತ್ತು! ಸಾಕಾಗಿ ಬಿಟ್ಟೆ.

2016ರಲ್ಲಿ ಶುರುವಾದ ಮಾಸ್ಟೋಡಾನ್ ಒಂದೇ ಕಂಪನಿಯ ಕೈಯಲ್ಲಿಲ್ಲ. ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಆಕ್ಟಿವಿಟಿಪಬ್ ಎಂಬ ಪ್ರೋಟೋಕಾಲ್ (ಎಲ್ಲ ಸರ್ವರ್‌ಗಳಿಗೂ ಅರ್ಥವಾಗುವ ಒಂದೇ ನಿಯಮ) ಮೂಲಕ ಮಾತಾಡಿಕೊಳ್ಳುತ್ತವೆ. ಇಮೇಲ್ ಇದ್ದ ಹಾಗೆ, ಅಲ್ವಾ? ಫಾಲೋ ಮಾಡಿದವರ ಪೋಸ್ಟ್ ಹಾಕಿದ ಕ್ರಮದಲ್ಲೇ ಕಾಣುತ್ತದೆ.

ಮುಂದೆ ಸರ್ವರ್ ಬದಲಿಸಿದರೆ ಫಾಲೋವರ್ಸ್ ಜೊತೆಗೆ ಬರುತ್ತಾರೆ, ಪೋಸ್ಟ್ ಬರುವುದಿಲ್ಲ. ಆದರೆ ಹಳೇ ಸರ್ವರ್ ಮುಚ್ಚುವ ಮೊದಲೇ ಬದಲಿಸಬೇಕು, ಆಮೇಲೆ ಆಗುವುದಿಲ್ಲ. ಮಾಸ್ಟೋಡಾನ್‌ನಲ್ಲಿ ಕನ್ನಡದವರು ಕಡಿಮೆ. ನನ್ನ ಬಂಗುಡೆ ಬುಟ್ಟಿಯ ಫೋಟೋಗೆ ಮೊದಲ ಕಮೆಂಟ್ ಬಂದದ್ದು ನಾರ್ವೆಯಿಂದ: ‘ಇದನ್ನು ಹೇಗೆ ಬೇಯಿಸ್ತೀರಿ?’