ನಿಮ್ಮ ಕಂಟೇನರ್ ಲೇಖನದ ಬಗ್ಗೆ

ನಮಸ್ಕಾರ. ಎರಡು ಕಂಟೇನರ್ (ಒಂದೇ ಲಿನಕ್ಸ್ ಯಂತ್ರದಲ್ಲಿ ಬೇರೆ ಬೇರೆಯಾಗಿ ಓಡುವ ಪ್ರೋಗ್ರಾಂ ಡಬ್ಬಿಗಳು) ಒಂದೇ ಫೋಲ್ಡರ್ ಹಂಚಿಕೊಳ್ಳುವುದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಚೆನ್ನಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. ಕಂಟೇನರ್ ಅಂದರೇನು ಅಂತ ಗೊತ್ತಿಲ್ಲದವರು ಇದನ್ನು ಓದಲು ಬರುವುದೇ ಇಲ್ಲ. ಒಂದು ಕಂಟೇನರ್ ಬರೆದ ಫೈಲನ್ನು ಇನ್ನೊಂದು ತೆರೆಯಲು ಹೋಗಿ 'ಪರ್ಮಿಷನ್ ಡಿನೈಡ್' ಬರುತ್ತದಲ್ಲ, ಅಲ್ಲಿಂದಲೇ ಶುರು ಮಾಡಿ.

ಆಮೇಲೆ ಕಾರಣ ಹೇಳಿ. ನೀವು ಅದನ್ನೇ ಬಿಟ್ಟಿದ್ದೀರಿ. ಡಿಸ್ಕಿನಲ್ಲಿ ಫೈಲಿನ ಮಾಲೀಕನ ಹೆಸರು ಇರುವುದಿಲ್ಲ, ಬರೀ ನಂಬರ್ ಇರುತ್ತದೆ. ಯೂಸರ್ ನೇಮ್‌ಸ್ಪೇಸ್ (ಕಂಟೇನರಿಗೆ ಅದರದೇ ಬಳಕೆದಾರರ ನಂಬರ್ ಪಟ್ಟಿ ಕೊಡುವ ವ್ಯವಸ್ಥೆ) ಬಳಸಿದರೆ ಕಂಟೇನರಿನ ಒಳಗಿನ ನಂಬರೇ ಬೇರೆ, ಹೊರಗಿನ ಯಂತ್ರದ್ದೇ ಬೇರೆ. ನಂಬರ್ 0 ಅಂದರೆ ರೂಟ್, ಎಲ್ಲ ಅಧಿಕಾರ ಇರುವ ಬಳಕೆದಾರ. ಮೊದಲ ಕಂಟೇನರಿನ 0 ಹೊರಗೆ 100000, ಎರಡನೆಯದರ 0 ಹೊರಗೆ 200000 ಅಂತಿಟ್ಟುಕೊಳ್ಳಿ. ಇಬ್ಬರಿಗೂ ತಲಾ 65536 ನಂಬರ್. ಮೊದಲನೆಯದರ ರೂಟ್ ಬರೆದ ಫೈಲಿಗೆ ಡಿಸ್ಕಿನಲ್ಲಿ 100000 ಬೀಳುತ್ತದೆ. ಎರಡನೆಯದರ ಪಟ್ಟಿಯಲ್ಲಿ ಆ ನಂಬರೇ ಇಲ್ಲ. ಹಾಗಾಗಿ ಅದಕ್ಕೆ ಮಾಲೀಕ 65534, ಅಂದರೆ 'ನೋಬಡಿ' ಅಂತ ಕಾಣುತ್ತದೆ. ಒಳಗೆ ರೂಟ್ ಆಗಿದ್ದರೂ ಚೌನ್ (ಫೈಲಿನ ಮಾಲೀಕನನ್ನು ಬದಲಿಸುವ ಕಮಾಂಡ್) ಮಾಡಲು ಬಿಡುವುದಿಲ್ಲ. ನಿಮ್ಮ ಸ್ಕ್ರೀನ್‌ಶಾಟಿನಲ್ಲೇ ಆ ನೋಬಡಿ ಕೂತಿದ್ದಾನೆ, ನೋಡಿದಿರಲ್ವಾ?

ನೀವು ಕೊಟ್ಟ ಪರಿಹಾರ ಚ್‌ಮಾಡ್ 777, ಅಂದರೆ ಓದಲು, ಬರೆಯಲು, ಓಡಿಸಲು ಎಲ್ಲರಿಗೂ ಅನುಮತಿ. ಇದನ್ನು ನಾನು ಹಾಕುವುದಿಲ್ಲ. ಬೀಗ ತೆಗೆಯಲು ಬರಲಿಲ್ಲ ಅಂತ ಬಾಗಿಲನ್ನೇ ಕಿತ್ತ ಹಾಗಾಯಿತು. ಅದೂ ಇರುವ ಫೈಲುಗಳಿಗೆ ಮಾತ್ರ. ನಾಳೆ ಹುಟ್ಟುವ ಫೈಲ್ ಮತ್ತೆ ಹಳೇ ತಕರಾರು ತೆಗೆಯುತ್ತದೆ. ಇಡೀ ಫೋಲ್ಡರನ್ನು ಹೊರಗಿನಿಂದ ಚೌನ್ ಮಾಡಿದರೆ ಒಂದು ಕಂಟೇನರಿಗೆ ಸರಿಹೋಗುತ್ತದೆ, ಇನ್ನೊಂದಕ್ಕೆ ಕೈಕೊಡುತ್ತದೆ.

ಐಡಿ-ಮ್ಯಾಪ್ಡ್ ಮೌಂಟ್ (ಫೋಲ್ಡರನ್ನು ಜೋಡಿಸಿಕೊಡುವಾಗಲೇ ಮಾಲೀಕರ ನಂಬರ್ ಬದಲಿಸಿ ತೋರಿಸುವ ವಿಧಾನ) ಬಗ್ಗೆ ಒಂದು ಸಾಲೂ ಇಲ್ಲವಲ್ಲ! 2021ರಲ್ಲಿ ಬಂದ ಲಿನಕ್ಸ್ 5.12ರಿಂದ ಅದು ಇದೆ. ಡಿಸ್ಕಿನ ನಂಬರ್ ಮುಟ್ಟುವುದೇ ಇಲ್ಲ, ಆ ಮೌಂಟ್ ಮೂಲಕ ಹೋಗುವಾಗ ಮಾತ್ರ ನಂಬರ್ ಬದಲಾಗುತ್ತದೆ. ಎರಡು ಕಂಟೇನರಿಗೂ ಅದೇ ಫೋಲ್ಡರನ್ನು ಬೇರೆ ಬೇರೆ ಮ್ಯಾಪ್ ಹಾಕಿ ಕೊಡಬಹುದು. ಯಾರ ರೂಟ್ ಬರೆದರೂ ಡಿಸ್ಕಿನಲ್ಲಿ ಒಂದೇ ನಂಬರ್. ಲೇಖನದ ಅರ್ಧ ಜಾಗ ಇದಕ್ಕೇ ಕೊಡಿ. ಮೊದಲು ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಫ್ಯಾಟ್ ಎಂಬ ಫೈಲ್‌ಸಿಸ್ಟಮ್‌ಗಳಿಗೆ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವಿಧಾನಗಳು) ಮಾತ್ರ ಇತ್ತು, ಬಿಟಿಆರ್‌ಎಫ್‌ಎಸ್‌ಗೆ 5.15ರಲ್ಲಿ ಬಂತು. ಇದನ್ನು ಹೇಳದಿದ್ದರೆ ಓದುಗರು ಸುಮ್ನೆ ಒದ್ದಾಡುತ್ತಾರೆ.

ಇನ್ನೊಂದು. 'ಒಳಗಿನ ರೂಟ್‌ಗೆ ಹೊರಗೆ ಬೆಲೆಯಿಲ್ಲ' ಅಂತ ಬರೆದಿದ್ದೀರಿ. ಯೂಸರ್ ನೇಮ್‌ಸ್ಪೇಸ್ ಇಲ್ಲದಿದ್ದರೆ ಅದು ತಪ್ಪು. ಕಂಟೇನರ್ ಓಡಿಸುವ ಸಾಫ್ಟ್‌ವೇರ್ ಡಾಕರನ್ನು ರೂಟ್ ಆಗಿ ಮಾಮೂಲಿ ಸೆಟ್ಟಿಂಗಿನಲ್ಲಿ ಓಡಿಸಿದರೆ ಒಳಗಿನ 0 ಹೊರಗೂ 0.

ತಿದ್ದಿ ಕಳಿಸಿ. ಪ್ರತಿ ಕಮಾಂಡನ್ನೂ ಓಡಿಸಿ ನೋಡಿ, ಬಂದ ಔಟ್‌ಪುಟ್ ಹಾಗೇ ಅಂಟಿಸಿ. ಯಾವ ಕರ್ನಲ್ (ಲಿನಕ್ಸಿನ ತಿರುಳು) ಆವೃತ್ತಿ, ಯಾವ ಫೈಲ್‌ಸಿಸ್ಟಮ್ ಅಂತಲೂ ಬರೆಯಿರಿ.