ಶೆಲ್ಟರ್‌ನಿಂದ ನಾಯಿ ದತ್ತು ತಗೊಳ್ಳೋದು ಯಾಕಿಷ್ಟು ಕಷ್ಟ? ಬ್ರೀಡರ್ ಹತ್ರಾನೇ ತಗೊಂಡ್ಬಿಡ್ಲಾ?

ಎರಡು ಶೆಲ್ಟರ್‌ಗೆ ಫಾರ್ಮ್ ತುಂಬಿ ಕಳ್ಸಿದ್ರಿ, ಒಂದು ಕಡೆ ಬಾಡಿಗೆ ಮನೆ ಅಂತ ಬೇಡ ಅಂದ್ರು, ಇನ್ನೊಂದು ಕಡೆಯಿಂದ ಉತ್ತರಾನೇ ಬಂದಿಲ್ಲ ಅಂತ ಬರ್ದಿದೀರಲ್ಲ, ಓದಿ ನಂದೇ ಕಥೆ ಅನ್ನಿಸ್ತು. ನಾನೂ ಬೆಂಗಳೂರಲ್ಲಿ ಬಾಡಿಗೆ ಮನೇಲಿರೋನು, ಮೂರು ಕಡೆ ಸುತ್ತಿ ಐದು ತಿಂಗಳಾದ್ಮೇಲೆ ನಾಯಿ ಮನೆಗೆ ಬಂತು. ಆ ಐದು ತಿಂಗಳು ನೆನಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ.

ನಮ್ಮೂರು ತಿಪಟೂರು ಕಡೆ. ಅಲ್ಲಿ ನಾಯಿ ತರೋದು ಅಂದ್ರೆ ಯಾರ್ದೋ ತೋಟದ ಮನೇಲಿ ಮರಿ ಹಾಕಿದೆ ಅಂತ ಗೊತ್ತಾದ್ರೆ ಹೋಗಿ ಒಂದನ್ನ ಟವೆಲ್‌ನಲ್ಲಿ ಸುತ್ಕೊಂಡು ಬರೋದು, ಅಷ್ಟೇ. ಇಲ್ಲಿ ಮೊದಲನೇ ಶೆಲ್ಟರ್‌ನವರ ಫಾರ್ಮ್‌ನಲ್ಲಿ 37 ಪ್ರಶ್ನೆ, ಎಣಿಸಿದೀನಿ. ಸಂಬಳ ಎಷ್ಟು, ಊರಿಗೆ ಹೋದ್ರೆ ನಾಯಿ ಯಾರು ನೋಡ್ಕೋತಾರೆ, ಮನೆಯವರೆಲ್ಲಾ ಒಪ್ಪಿದ್ದಾರಾ, ಮುಂದೆ ಮದುವೆ ಆಗಿ ಬರೋರು ನಾಯಿ ಬೇಡ ಅಂದ್ರೆ ಏನ್ಮಾಡ್ತೀರ. ಕೊನೇದಕ್ಕೆ ನಾನು "ಮೊದ್ಲು ಹೆಣ್ಣು ಸಿಗ್ಲಿ ಮೇಡಂ" ಅಂತ ಬರ್ದೆ, ಅದಕ್ಕೇ ರಿಜೆಕ್ಟ್ ಮಾಡಿದ್ರೋ ಏನೋ, ಕಾರಣ ಹೇಳ್ಲಿಲ್ಲ.

ಎರಡನೇ ಕಡೆ ವಿಡಿಯೋ ಕಾಲ್‌ನಲ್ಲಿ ಮನೆ ನೋಡಿದ್ರು, ಬಾಲ್ಕನಿ ಗ್ರಿಲ್ ಸಂದಿ ಎಷ್ಟಿದೆ ಅಂತ ಟೇಪ್ ಹಿಡಿಸಿದ್ರು, ಎಲ್ಲಾ ಸರಿ, ಓನರ್ ಲೆಟರ್ ಒಂದು ಬೇಕು ಅಂದ್ರು. ನಮ್ಮ ಓನರ್ ಅಂಕಲ್ ಮೇಲಿನ ಮನೇಲೇ ಇರೋದು. "ಸಾಕೋ ಮಾರಾಯ ನಂದೇನಿಲ್ಲ, ಆದ್ರೆ ಸಹಿ ಗಿಹಿ ಎಲ್ಲಾ ಹಾಕಲ್ಲ" ಅಂದ್ಬಿಟ್ರು. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳು ಸಾಕು ನಾಯಿ ಬೇಡ ಅನ್ನೋ ಹಾಗಿಲ್ಲ, ಮೆಜಾರಿಟಿ ಓಟು ಹಾಕಿದ್ರೂ ಆಗಲ್ಲ ಅಂತ ಅನಿಮಲ್ ವೆಲ್‌ಫೇರ್ ಬೋರ್ಡ್‌ನವರು 2015ರಲ್ಲೇ ಗೈಡ್‌ಲೈನ್ ಕೊಟ್ಟಿದ್ದಾರೆ, ನಿಮ್ದು ಅಪಾರ್ಟ್‌ಮೆಂಟ್ ಆದ್ರೆ ಅದನ್ನ ಪ್ರಿಂಟ್ ತೆಗೆದಿಟ್ಕೊಳ್ಳಿ. ಆದ್ರೆ ಅದನ್ನ ತೋರಿಸಿ ಓನರ್ ಕೈಲಿ ಸಹಿ ಹಾಕಿಸೋಕೆ ಆಗಲ್ಲವಲ್ಲ. ನಾನು ಅವರನ್ನ ಒಪ್ಪಿಸ್ತಾ ಇರೋವಾಗ್ಲೇ ಆ ಮರಿ ಬೇರೆಯವರ ಮನೆಗೆ ಹೋಗಿತ್ತು. ಅದೂ ಗೊತ್ತಾಗಿದ್ದು ಶೆಲ್ಟರ್‌ನವರು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಫೋಟೋ ನೋಡಿ. ನಾನಿಲ್ಲಿ ಬೌಲು, ಬೆಲ್ಟು, ಮಲಗೋಕೆ ಮ್ಯಾಟು ಎಲ್ಲಾ ತಂದಿಟ್ಕೊಂಡು ಕೂತಿದೀನಿ. ಒಂದು ಮೆಸೇಜ್ ಹಾಕೋಕೆ ಏನು ಕಷ್ಟ ಹೇಳಿ.

ಮೂರನೇ ಕಡೆ ಫಾರ್ಮ್ ತುಂಬದೆ ನೇರವಾಗಿ ಹೋದೆ. ಅಲ್ಲಿದ್ದ ಮೇಡಂ ಓನರ್ ಜೊತೆ ಫೋನಲ್ಲೇ ಹತ್ತು ನಿಮಿಷ ಮಾತಾಡಿ ಲೆಟರ್ ಬೇಡ ಅಂದ್ರು. ಎರಡು ವರ್ಷದ ಹೆಣ್ಣು ನಾಯಿ, ನಮ್ಮ ಬೀದಿ ನಾಯಿ ಜಾತೀನೇ, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಆರೋಗ್ಯವಾಗಿದೆ, ತುಂಬಾ ಫ್ರೆಂಡ್ಲಿ ಅಂತ ಕೊಟ್ರು. ಹೆಸರು ಪರ್ಲ್ ಅಂತಿತ್ತು, ನಮ್ಮಮ್ಮ ಬಂದು ನೋಡಿ ಕೆಂಪಗಿದೆ ಕೆಂಪಿ ಅನ್ನು ಸಾಕು ಅಂದ್ರು.

ಆ ಫ್ರೆಂಡ್ಲಿ ನಾಯಿ ಮೂರು ದಿನ ಮಂಚದ ಕೆಳಗಿಂದ ಈಚೆಗೆ ಬರ್ಲಿಲ್ಲ. ಅಲ್ಲೇ ಉಚ್ಚೆ, ಅಲ್ಲೇ ಎಲ್ಲಾ. ಹೆಲ್ಮೆಟ್ ಹಾಕ್ಕೊಂಡು ಬಂದ್ರೆ ನನ್ನೇ ನೋಡಿ ಹಲ್ಲು ತೋರಿಸೋದು. ಹತ್ತನೇ ದಿನಕ್ಕೆ ಊಟ ಬಿಡ್ತು, ವಸಡು ಬಿಳಚಿಕೊಂಡಿತ್ತು, ಡಾಕ್ಟ್ರು ರಕ್ತ ಪರೀಕ್ಷೆ ಮಾಡಿ ಉಣ್ಣಿ ಕಚ್ಚಿ ಬರೋ ಟಿಕ್ ಫೀವರ್, ಪ್ಲೇಟ್‌ಲೆಟ್ ಇಳಿದಿದೆ ಅಂದ್ರು. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಒಂದಿನಾನೂ ತಪ್ಪಿಸೋ ಹಾಗಿಲ್ಲ, ಖಾಲಿ ಹೊಟ್ಟೇಲಿ ಕೊಟ್ರೆ ವಾಂತಿ. ಟೆಸ್ಟು ಡ್ರಿಪ್ಪು ಸೇರಿ 8,000 ಮೇಲಾಯ್ತು. ಇದು ಒಳಗೇ ತಿಂಗಳುಗಟ್ಟಲೆ ಸುಮ್ನಿದ್ದು ನಾಯಿ ಸೊರಗಿದಾಗ ತಲೆ ಎತ್ತುತ್ತಂತೆ, ಹಾಗಾಗಿ ಶೆಲ್ಟರ್‌ನವರು ಸುಳ್ಳು ಹೇಳಿದ್ರು ಅಂತ ನಾನು ಹೇಳಲ್ಲ.

ಆದ್ರೆ ವ್ಯಾಕ್ಸಿನ್ ಬುಕ್ ಹಿಂದೆ ಬೇರೆ ಎರಡು ಫೋನ್ ನಂಬರ್ ಬರ್ದು ಹೊಡ್ದಾಕಿದ್ದು ಕಾಣಿಸ್ತು. ಮೇಡಂಗೆ ಫೋನ್ ಮಾಡಿ ಕೇಳ್ದೆ. ಇವಳನ್ನ ಎರಡು ಮನೆಯವರು ತಗೊಂಡು ಹೋಗಿ ವಾಪಸ್ ಬಿಟ್ಟಿದ್ರಂತೆ, ಒಬ್ರು ಮಗು ಆಯ್ತು ಅಂತ, ಇನ್ನೊಬ್ರು ಸೋಫಾ ಹರಿದಳು ಅಂತ ಆರೇ ದಿನಕ್ಕೆ. ನೀವು ಶೆಲ್ಟರ್‌ನವರು ನಮ್ಮ ಸಂಬಳದಿಂದ ಹಿಡಿದು ಎಲ್ಲಾ ಕೇಳ್ತೀರಿ, ಇದನ್ನ ಯಾಕೆ ಹೇಳ್ಲಿಲ್ಲ ಅಂತ ರೇಗಿದೆ. "ಹೇಳಿದ್ರೆ ನೀವು ತಗೋತಿದ್ರಾ?" ಅಂದ್ರು. ನಂಗೆ ಮಾತು ಬರ್ಲಿಲ್ಲ. ನಿಜವಾಗಿ ತಗೋತಿರ್ಲಿಲ್ಲ.

ಆಮೇಲೆ ಆ 37 ಪ್ರಶ್ನೆ ಎಲ್ಲಿಂದ ಬಂದ್ವು ಅಂತ ಅರ್ಥ ಆಯ್ತು, ಒಂದೊಂದು ಪ್ರಶ್ನೆ ಹಿಂದೇನೂ ವಾಪಸ್ ಬಂದ ಒಂದು ನಾಯಿ ಇರುತ್ತೆ. ಕೇಳೋದು ತಪ್ಪಲ್ಲ, ಕೇಳಿ ಸುಮ್ನಾಗೋದು ತಪ್ಪು, ನಾಯಿ ಬಗ್ಗೆ ತಮಗೆ ಗೊತ್ತಿರೋದನ್ನ ಬಚ್ಚಿಡೋದು ಇನ್ನೂ ದೊಡ್ಡ ತಪ್ಪು, ಯಾಕಂದ್ರೆ ಗೊತ್ತಿಲ್ದೆ ತಗೊಂಡೋರೇ ಮತ್ತೆ ವಾಪಸ್ ತಂದು ಬಿಡೋದು.

ಬ್ರೀಡರ್ ವಿಷ್ಯ ಕೇಳಿದ್ರಿ. 2017ರ ನಾಯಿ ಬ್ರೀಡಿಂಗ್ ರೂಲ್ಸ್ ಪ್ರಕಾರ ಅವರು ರಾಜ್ಯದ ಅನಿಮಲ್ ವೆಲ್‌ಫೇರ್ ಬೋರ್ಡ್‌ನಲ್ಲಿ ನೋಂದಣಿ ಆಗಿರ್ಬೇಕು, ಎಂಟು ವಾರ ಆಗದ ಮರಿ ಮಾರೋ ಹಾಗಿಲ್ಲ. ಸರ್ಟಿಫಿಕೇಟ್ ತೋರ್ಸಿ, ತಾಯಿ ನಾಯಿ ತೋರ್ಸಿ ಅಂತ ಕೇಳಿ ನೋಡಿ, ಎಷ್ಟು ಜನ ಫೋನ್ ಇಟ್ಬಿಡ್ತಾರೆ ಅಂತ ನಿಮಗೇ ಗೊತ್ತಾಗುತ್ತೆ. ಇನ್ನು ಕೆಲವರು ಕಾರ್ಪೊರೇಷನ್‌ನ ಎಬಿಸಿ ಸೆಂಟರ್‌ಗೆ (ಬೀದಿ ನಾಯಿ ಸಂತಾನಹರಣ ಕೇಂದ್ರ) ಹೋಗಿ ನಾಯಿ ಕೊಡಿ ಅಂತಾರೆ, ಅದಿರೋದು ಸಾಮಾನ್ಯವಾಗಿ ಆಪರೇಷನ್ ಮಾಡಿ ಗುರುತಿಗೆ ಕಿವಿ ಅಂಚು ಕತ್ತರಿಸಿ ಹಿಡಿದ ಜಾಗಕ್ಕೇ ವಾಪಸ್ ಬಿಡೋಕೆ, ಶೆಲ್ಟರ್ ಅಲ್ಲ. ಆದ್ರೆ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಬೀದಿ ನಾಯಿ ದತ್ತು ಬೇಕಾದೋರು ಕಾರ್ಪೊರೇಷನ್‌ಗೆ ಅರ್ಜಿ ಹಾಕ್ಬಹುದು, ಟ್ಯಾಗ್ ಹಾಕಿ ಕೊಡ್ತಾರೆ, ಮತ್ತೆ ಬೀದಿಗೆ ಬರದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ದತ್ತು ತಗೊಂಡೋರದ್ದೇ ಅಂದಿದೆ. ನಿಮ್ಮ ರಸ್ತೇಲೇ ಪರಿಚಯದ ನಾಯಿ ಇದ್ರೆ ಆ ದಾರೀನೂ ನೋಡಿ.

ನಾನಾಗಿದ್ರೆ ನಿಮಗೆ ಉತ್ತರ ಕೊಡದ ಆ ಎರಡನೇ ಶೆಲ್ಟರ್‌ಗೆ ವಾರದ ಮಧ್ಯೆ ಒಂದಿನ ಮಧ್ಯಾಹ್ನ ಹೋಗ್ತಿದ್ದೆ. ಭಾನುವಾರ ಬೇಡ, ಜನ ಜಾಸ್ತಿ. ಬೆಳಗ್ಗೆ ಬೇಡ, ತೊಳೆಯೋದು, ಊಟ ಹಾಕೋದು ಇರುತ್ತೆ. ಮರಿ ಕೇಳ್ಬೇಡಿ, ಮರಿಗೆ ಕ್ಯೂ ಇರುತ್ತೆ. ಒಂದು ತಿಂಗಳು ಫಾಸ್ಟರ್ ಮಾಡ್ತೀನಿ (ದತ್ತು ಅಲ್ಲ, ಸದ್ಯಕ್ಕೆ ಮನೇಲಿಟ್ಟು ನೋಡ್ಕೊಳ್ಳೋದು), ದೊಡ್ಡ ನಾಯೀನೇ ಕೊಡಿ, ವಾಪಸ್ ಬಂದಿರೋದು ಇದ್ರೆ ಅದನ್ನೇ ತೋರ್ಸಿ, ಯಾಕೆ ವಾಪಸ್ ಬಂತು ಅಂತ ಮಾತ್ರ ಈಗ್ಲೇ ಹೇಳ್ಬಿಡಿ ಅನ್ನಿ.